ದೇವರ ರೊಟ್ಟಿ ನಾದುವವಳು

ನಮ್ಮೂರ ಚರ್ಚಿಗೆ ದೇವರ ರೊಟ್ಟಿ ಮಾಡುವ ಕೆಲಸ ಜೆನೋವಿಯಾಳ ಪಾಲಿಗೆ ಬಂದದ್ದು ಅವಳ ಗಂಡ ಸತ್ತ ವರ್ಷ. ಭಾನುವಾರದ ಪೂಜೆಯಲ್ಲಿ ಪಾದ್ರಿ ಕತ್ತರಿಸಿ ಎಲ್ಲರಿಗೂ ಚೂರು ಚೂರು ಹಂಚುವ ರೊಟ್ಟಿ ಅದು. ಗೋಧಿ ಹಿಟ್ಟು, ನೀರು, ಉಪ್ಪು, ಹುಳಿ ಬರಿಸಿದ ಹಿಟ್ಟಿನದೊಂದು ಉಂಡೆ, ಇಷ್ಟೇ ಅದರ ಸರಕು. ಮಾಡುವುದು ದೊಡ್ಡ ವಿದ್ಯೆಯೇನಲ್ಲ, ಆದರೆ ಯಾರು ಮಾಡಬೇಕು ಅನ್ನುವುದರಲ್ಲಿ ಊರಿಗೆ ಊರೇ ಕಟ್ಟುನಿಟ್ಟು. ಮುಟ್ಟಾಗುವ ಹೆಂಗಸು ಆ ಹಿಟ್ಟಿಗೆ ಕೈ ಹಾಕುವಂತಿಲ್ಲ. ಹಿಂದಿನ ರಾತ್ರಿ ಗಂಡನ ಪಕ್ಕ ಮಲಗಿದವಳೂ ಹಾಕುವಂತಿಲ್ಲ. ಹಾಗಾಗಿ ಮುಟ್ಟು ನಿಂತ ವಿಧವೆಯೇ ಆಗಬೇಕು, ಕೈ ಚೊಕ್ಕಟವಿರಬೇಕು, ಬಾಯಿ ಹತೋಟಿಯಲ್ಲಿರಬೇಕು. ರೊಮೇನಿಯದ ನಮ್ಮ ಈ ಮೂಲೆಯಲ್ಲಿ ವಿಧವೆಯರಿಗೆ ಬರವಿಲ್ಲ. ಬಾಯಿ ಹತೋಟಿಯಲ್ಲಿರುವವರನ್ನು ಹುಡುಕುವುದೇ ಆಗಿನ ಪಾದ್ರಿಗೆ ಕಷ್ಟವಾಗಿತ್ತು.

ಜೆನೋವಿಯಾಳ ಗಂಡ ಗವ್ರಿಲ್ ಮರ ಕೊಯ್ಯುವ ಕಾರ್ಖಾನೆಯಿಂದ ಮನೆಗೆ ಬಂದು, ಬೂಟಿನ ದಾರ ಬಿಚ್ಚಲು ಬಗ್ಗಿದವನು ಹಾಗೆಯೇ ಹೋಗಿಬಿಟ್ಟ. ಅವಳಿಗೆ ಆಗಷ್ಟೇ ಐವತ್ತು ದಾಟಿತ್ತು. ಮಕ್ಕಳಿರಲಿಲ್ಲ. ಊರ ಹೆಂಗಸರು ಬೆನ್ನ ಹಿಂದೆ ಬಂಜೆ ಎಂದದ್ದು ಅವಳ ಕಿವಿಗೆ ಬೀಳದೆ ಇರಲಿಲ್ಲ. ಮದುವೆಮನೆಯಲ್ಲಿ ಮದುಮಗಳ ತಲೆಗೆ ವಸ್ತ್ರ ಕಟ್ಟುವ ಹೊತ್ತು ಬಂದರೆ ಯಾರಾದರೊಬ್ಬರು ಅವಳನ್ನು ನಯವಾಗಿ ಪಕ್ಕಕ್ಕೆ ಸರಿಸುತ್ತಿದ್ದರು. ರೊಟ್ಟಿಯ ಕೆಲಸ ಸಿಕ್ಕಿದ ಮೇಲೆ ಅದೇ ಹೆಂಗಸರು ದಾರಿಯಲ್ಲಿ ನಿಲ್ಲಿಸಿ, "ಅಕ್ಕಾ, ನಮ್ಮತ್ತೆ ತೀರಿಕೊಂಡ ದಿನ ಬರ್ತಾ ಇದೆ, ಅವರ ಹೆಸರಿಗೆ ಒಂದು ರೊಟ್ಟಿ ಜಾಸ್ತಿ ಮಾಡಿಕೊಡ್ತೀರಾ?" ಎಂದು ವಿನಯದಿಂದ ಕೇಳತೊಡಗಿದರು. ಬದುಕಿನಲ್ಲಿ ಮೊದಲ ಸಲ ಅವಳು ಊರಿಗೆ ಬೇಕಾದವಳಾದಳು. ಅದು ಅವಳಿಗೆ ಎಷ್ಟು ದೊಡ್ಡದು ಎಂದು ಬೇಲಿಯಾಚೆ ಮನೆಯಲ್ಲಿದ್ದ ತಂಗಿ ಕತಿಂಕಾಳಿಗೆ ಮಾತ್ರ ಗೊತ್ತಿತ್ತು.

ಎರಡು ಮನೆಗಳ ನಡುವಿನ ಬೇಲಿಯಲ್ಲಿ ಎರಡು ಹಲಗೆ ಕಿತ್ತು ಮಾಡಿದ ಕಂಡಿಯೊಂದಿತ್ತು. ಉಪ್ಪು, ಬೆಂಕಿಪೊಟ್ಟಣ, ಊರ ಸುದ್ದಿ, ಎಲ್ಲವೂ ಅದರಲ್ಲೇ ಓಡಾಡುತ್ತಿದ್ದವು. ಶನಿವಾರ ಬೆಳಗ್ಗೆ ಮಾತ್ರ ಕತಿಂಕಾ ಆ ಕಡೆ ತಲೆ ಹಾಕುತ್ತಿರಲಿಲ್ಲ. ಜೆನೋವಿಯಾ ಮಿಂದು, ತಲೆಗೆ ಬಿಳಿ ವಸ್ತ್ರ ಬಿಗಿದು, ದೇವರ ಪಟದ ಮುಂದೆ ಮೇಣದಬತ್ತಿ ಹಚ್ಚಿ ಹಿಟ್ಟಿಗೆ ಕೈ ಹಾಕಿದಳೆಂದರೆ, ಶಿಲುಬೆಯ ಮರದ ಅಚ್ಚನ್ನು ರೊಟ್ಟಿಯ ಮೇಲೆ ಒತ್ತುವವರೆಗೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಒಮ್ಮೆ ಅಂಚೆಯವನು ಗೇಟಿನ ಹತ್ತಿರ ನಿಂತು ಕೂಗಿದಾಗ ಇವಳು ಕಿಟಕಿಯಿಂದ ಕೈಸನ್ನೆ ಮಾಡಿದಳು. ಪಾಪ, ಆತ ಇವಳಿಗೆ ಹಲ್ಲುನೋವು ಅಂದುಕೊಂಡು ಊರಿಗೆಲ್ಲ ಹೇಳಿದ. ಸಂಜೆಯೊಳಗೆ ಲವಂಗ ಹಿಡಿದು ನಾಲ್ಕು ಜನ ಬಂದರು.

ಹೆಂಗಸರ ಆರೋಗ್ಯದ ವಿಷಯದಲ್ಲಿ ಜೆನೋವಿಯಾ ಊರಿಗೇ ಅತ್ತೆ. ಶಾಲೆಯ ಹುಡುಗಿಯರು ಚರ್ಚಿನ ಕಲ್ಲುಮೆಟ್ಟಿಲ ಮೇಲೆ ಕೂತರೆ, "ಏಳ್ರೇ ಅಲ್ಲಿಂದ. ಕಲ್ಲಿನ ಥಂಡಿ ಗರ್ಭಕ್ಕೆ ಏರಿದ್ರೆ ಆಮೇಲೆ ಅಳ್ತೀರಾ" ಎಂದು ಗದರುತ್ತಿದ್ದಳು. ಬಾಣಂತಿಯರ ಬಟ್ಟೆ ಕುದಿಸಿಯೇ ಒಗೆಯಬೇಕು, ಸೊಂಟಕ್ಕೆ ಉಣ್ಣೆಯ ಪಟ್ಟಿ ಸುತ್ತಬೇಕು, ಉರಿಮೂತ್ರಕ್ಕೆ ಜೋಳದ ತೆನೆಯ ಕೂದಲಿನ ಕಷಾಯ ಕುಡಿಯಬೇಕು. ಅವಳ ಮಾತಿನಲ್ಲಿ ಅರ್ಧ ಸರಿ, ಅರ್ಧ ಕಟ್ಟುಕತೆ. ಆದರೆ ದಡ್ಡಿಯಾಗಿರಲಿಲ್ಲ. ಕೆಳಗಿನ ಬೀದಿಯ ಸೊಸೆಯೊಬ್ಬಳ ಎದೆಯಲ್ಲಿ ಗಂಟು ಕಂಡಾಗ ಅತ್ತೆ ಮಾವ ಎಲೆಕೋಸಿನ ಎಲೆ ಕಟ್ಟಿ ಕೂತಿದ್ದರು; ಆ ಹುಡುಗಿಯ ರಟ್ಟೆ ಹಿಡಿದು ಬಸ್ಸು ಹತ್ತಿಸಿದವಳು ಜೆನೋವಿಯಾಳೇ. ಆ ಸೊಸೆ ಇವತ್ತಿಗೂ ಗಟ್ಟಿಮುಟ್ಟಾಗಿ ಹಸು ಕರೆಯುತ್ತಿದ್ದಾಳೆ. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಏಕೆಂದರೆ ತನ್ನದೇ ಮೈಯ ವಿಷಯ ಬಂದಾಗ ಆ ಜೆನೋವಿಯಾ ಎಲ್ಲಿ ಹೋದಳೋ ಗೊತ್ತಿಲ್ಲ.

ದ್ರಾಕ್ಷಿ ಕೊಯ್ಲು ಮುಗಿದ ವಾರ ಅವಳು ಬೇಲಿಯ ಕಂಡಿ ದಾಟಿ ಬಂದು, ಕತಿಂಕಾಳನ್ನು ನೆಲಮಾಳಿಗೆಗೆ ಕರೆದಳು. ಮೇಲೆ ಕತಿಂಕಾಳ ಗಂಡ ಕೊಸ್ತಾಕೆ ಪೀಪಾಯಿ ತೊಳೆಯುತ್ತಿದ್ದ.

"ನನಗೆ ಮತ್ತೆ ಶುರುವಾಗಿದೆ" ಅಂದಳು ಜೆನೋವಿಯಾ.

"ಏನು ಶುರುವಾಗಿದೆ?"

"ಅದೇ. ಹೊರಗಾಗಿದೀನಿ."

ಕತಿಂಕಾಳಿಗೆ ನಗು ಬಂತು. ನಗು ಬಂದದ್ದೇ ಆಮೇಲೆ ಅವಳನ್ನು ಬಹಳ ದಿನ ಸುಟ್ಟಿತು. "ಐವತ್ತೇಳಕ್ಕೆ ಹುಡುಗಿ ಆದ್ಯಾ ಅಕ್ಕಾ? ಗಂಡು ನೋಡೋಣ ಹಾಗಾದ್ರೆ."

"ತಮಾಷೆ ಬೇಡ ಕಣೇ. ನಾಳೆ ಶನಿವಾರ." ಜೆನೋವಿಯಾಳ ಮುಖ ಬಿಳಿಚಿಕೊಂಡಿತ್ತು. "ಈ ಮೈಯಲ್ಲಿ ನಾನು ಆ ಹಿಟ್ಟು ಮುಟ್ಟೋ ಹಾಗಿಲ್ಲ. ಮುಟ್ಟಲ್ಲ ಅಂತ ಪಾದ್ರಿಗೆ ಹೇಳಿದ್ರೆ, ಯಾಕೆ ಅಂತಾರೆ. ಊರಿಗೆ ಗೊತ್ತಾಗತ್ತೆ. ಕೆಲಸ ಬೇರೆಯವರಿಗೆ ಹೋಗತ್ತೆ. ನಿನಗೆ ನಿಂತು ಎರಡು ವರ್ಷ ಆಯ್ತಲ್ಲ, ನೀನು ನಾದು. ನನ್ನ ಮನೇಲೇ, ನನ್ನ ಒಲೇಲೇ. ಎರಡು ಮೂರು ವಾರದಲ್ಲಿ ನಿಂತುಹೋಗತ್ತೆ."

"ಕೊಸ್ತಾಕೆ ಇದಾನಲ್ಲ."

"ಶುಕ್ರವಾರ ರಾತ್ರಿ ಅವನನ್ನ ಹಿತ್ತಲಿನ ಬೇಸಿಗೆ ಅಡುಗೆಮನೇಲಿ ಮಲಗಿಸು."

ಜೆನೋವಿಯಾ ಅಮ್ಮನ ಸಮಾಧಿಯ ಮೇಲೆ ಆಣೆ ಹಾಕಿಸಿಕೊಂಡಳು. ಕತಿಂಕಾ ಹಾಕಿದಳು. ಅಕ್ಕ ಅವಳಿಂದ ಏನನ್ನೂ ಕೇಳಿದವಳಲ್ಲ. ಕೇಳಿದಾಗ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಅಷ್ಟೇ ಅಲ್ಲ, ಒಳಗೆಲ್ಲೋ ಸ್ವಲ್ಪ ಹಿಗ್ಗೂ ಆಗಿತ್ತು. ದೇವರ ರೊಟ್ಟಿ ನಾದುವುದೆಂದರೆ ಸುಮ್ಮನೆ ಮಾತಲ್ಲ.

ಕೊಸ್ತಾಕೆಗೆ ಹೇಳಿದ ಕಾರಣ ಅಕ್ಕನ ಮಣಿಕಟ್ಟು ನೋವು. "ಅವಳ ಮಣಿಕಟ್ಟು ನೋವಿಗೆ ನಾನ್ಯಾಕೆ ಹೊರಗೆ ಮಲಗ್ಬೇಕು? ನಾನೇನು ಅದನ್ನ ತಿರುಚಿದ್ನಾ?" ಎಂದು ಅವನು ಗೊಣಗಿದ. ಆದರೂ ಶುಕ್ರವಾರ ಬಂದರೆ ದಿಂಬು ಕಂಕುಳಲ್ಲಿ ಇಟ್ಟುಕೊಂಡು, ನಾಯಿಯನ್ನೂ ಕರೆದುಕೊಂಡು ಹೋಗುತ್ತಿದ್ದ. ಹೆಂಡದಂಗಡಿಯಲ್ಲಿ ಯಾರೋ ಛೇಡಿಸಿದಾಗ, "ನಾನೀಗ ಅರ್ಧ ಸನ್ಯಾಸಿ ಕಣ್ರಯ್ಯಾ, ವಾರಕ್ಕೊಂದು ದಿನ ಮಠ" ಎಂದನಂತೆ.

ಎರಡು ಮೂರು ವಾರ ಅಂದದ್ದು ಕ್ರಿಸ್ಮಸ್ ದಾಟಿತು. ರಕ್ತ ಒಮ್ಮೆ ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ನಿಂತ ವಾರಗಳಲ್ಲಿ ಜೆನೋವಿಯಾ ತಾನೇ ನಾದುತ್ತೇನೆಂದು ಹೊರಡುವಳು. ಶುಕ್ರವಾರದ ಹೊತ್ತಿಗೆ ಮತ್ತೆ ಕಲೆ ಕಾಣುತ್ತಿತ್ತು. ಕುರುಬನ ಚೀಲ ಅನ್ನುವ ಗಿಡದ ಕಷಾಯ ರಕ್ತ ಕಟ್ಟುತ್ತದೆಂದು ನಮ್ಮ ಅಜ್ಜಿಯರ ಕಾಲದಿಂದ ನಂಬಿಕೆ. ಅವಳು ಅದನ್ನು ಲೋಟಗಟ್ಟಲೆ ಕುಡಿದಳು, ಒಣಗಿಸಿಟ್ಟ ಗಿಡ ಮುಗಿದಾಗ ಕತಿಂಕಾ ಸಂತೆಯಲ್ಲಿ ಹುಡುಕಿ ತಂದುಕೊಟ್ಟಳು. ಜೆನೋವಿಯಾ ಸೊರಗಿದಳು. ಮೆಟ್ಟಿಲು ಹತ್ತುವಾಗ ಕಂಬ ಹಿಡಿದು ನಿಲ್ಲುತ್ತಿದ್ದಳು. ಬೆನ್ನಿನ ಕೆಳಗೆ ಯಾರೋ ಮೊಳೆ ಹೊಡೆದ ಹಾಗೆ ನೋವು ಅನ್ನುತ್ತಿದ್ದಳು.

"ನರ್ಸ್ ಹತ್ರ ಹೋಗೋಣ ಅಕ್ಕಾ" ಎಂದು ಕತಿಂಕಾ ಒಂದು ದಿನ ಅಂದಳು.

"ಅನೇತಾ ಹತ್ರಾನಾ? ಅವಳ ಬಾಯಿಗೆ ಬಿದ್ರೆ ಚರ್ಚಿನ ಗಂಟೆಗೆ ಹಗ್ಗ ಕಟ್ಟಿದ ಹಾಗೆ. ಬೇಡ. ಇದೇನು ಕಾಯಿಲೆನಾ? ಹೆಂಗಸರಿಗೆ ಬರೋದೇ ತಾನೇ. ನನಗೆ ಮಕ್ಕಳಾಗ್ಲಿಲ್ಲ, ಅದಕ್ಕೆ ಮೈಯಲ್ಲಿ ಉಳಿದಿದ್ದು ಈಗ ಹೋಗ್ತಾ ಇದೆ."

ಇದು ಕತಿಂಕಾಳಿಗೆ ಸರಿಯೆನಿಸಿತು. ಸರಿಯೆನಿಸದೆ ಏನು ಮಾಡುತ್ತಾಳೆ? ಹುಟ್ಟಿದಾಗಿನಿಂದ ಅಕ್ಕ ಹೇಳಿದ್ದೇ ಅವಳಿಗೆ ವೈದ್ಯಶಾಸ್ತ್ರ. ಮೇಲಾಗಿ ನಮ್ಮಲ್ಲಿ ಆ ರಕ್ತಕ್ಕೆ ಇರುವುದು ಒಂದೇ ಹೆಸರು. ಅದು ಮಡಿಯೋ ಮೈಲಿಗೆಯೋ ಎಂದು ಕೇಳುವುದು ನಮಗೆ ಬಾಯಿಪಾಠ, ಯಾಕೆ ಬಂತು ಎಂದು ಕೇಳುವುದು ಯಾರಿಗೂ ಹೊಳೆಯುವುದಿಲ್ಲ. ಇಬ್ಬರು ಹೆಂಗಸರು ಆರು ತಿಂಗಳು ತಲೆ ಕೆಡಿಸಿಕೊಂಡದ್ದು ರೊಟ್ಟಿ ಮೈಲಿಗೆಯಾಗದಂತೆ ನೋಡಿಕೊಳ್ಳುವುದಕ್ಕೆ.

ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದ ಕಾಲದಲ್ಲಿ ಊರಿಗೆ ವ್ಯಾನು ಬಂತು. ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡುವ ವ್ಯಾನು. ಒಳಗೆ ಮಂಚ, ದೀಪ, ಒಬ್ಬಳು ಎಳೆಯ ವಯಸ್ಸಿನ ಡಾಕ್ಟರು. ಹಿಂದಿನ ದಿನವೇ ನರ್ಸ್ ಅನೇತಾ ಮನೆಮನೆಗೂ ಹೋಗಿ ಸಾರಿದ್ದಳು. "ಕಾಸು ಕೊಡೋದು ಬೇಡ, ನೋವಾಗಲ್ಲ, ಎರಡೇ ನಿಮಿಷ. ಕ್ಯಾನ್ಸರ್ ಬರೋ ಮುಂಚೇನೇ ಗೊತ್ತಾಗತ್ತೆ, ಆಗ ಗುಣ ಆಗತ್ತೆ. ಎಲ್ರೂ ಬನ್ನಿ. ಮುಟ್ಟಿನ ದಿನದಲ್ಲಿ ಇರೋರು ಮಾತ್ರ ಬರಬೇಡಿ, ಪರೀಕ್ಷೆ ಸರಿಯಾಗಲ್ಲ. ಅವರು ಮುಂದಿನ ಸಲ ಬರಲಿ." ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅವಳು ಹೇಳಿದ್ದು ಮುಟ್ಟಾಗುವ ವಯಸ್ಸಿನವರಿಗೆ.

ಜೆನೋವಿಯಾ ಅದನ್ನು ಗೇಟಿನ ಹತ್ತಿರ ನಿಂತು ಕೇಳಿದಳು. ಕೇಳಿ, ತಲೆಯಾಡಿಸಿ, ಒಳಗೆ ಹೋದಳು.

"ನಾನೂ ಹೋಗೋಣ ಅಂತಿದ್ದೆ ಕಣೇ" ಎಂದು ಅವಳು ಕತಿಂಕಾಳಿಗೆ ಹೇಳಿದಳು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಬೆನ್ನುನೋವು ಅವಳನ್ನು ಅಷ್ಟು ಸೋಲಿಸಿತ್ತು. "ಡಾಕ್ಟರು ಬೇರೆ ಊರಿನವಳು, ಯಾರಿಗೂ ಗೊತ್ತಾಗ್ತಿರಲಿಲ್ಲ. ಆದ್ರೆ ಈ ಸ್ಥಿತೀಲಿ ಹೋಗೋ ಹಾಗಿಲ್ವಂತಲ್ಲ."

"ಹೂಂ, ಅವಳೇ ಹೇಳಿದ್ಳಲ್ಲ. ನಿಂತ ಮೇಲೆ ಹೋದ್ರಾಯ್ತು" ಅಂದಳು ಕತಿಂಕಾ.

ಮರುದಿನ ಪಂಚಾಯಿತಿ ಕಚೇರಿಯ ಮುಂದೆ ಹೆಂಗಸರು ಹಬ್ಬಕ್ಕೆ ಹೋಗುವವರ ಹಾಗೆ ಒಗೆದ ಬಟ್ಟೆ, ಹೊಸ ಕಾಲುಚೀಲ ತೊಟ್ಟು ಸಾಲು ನಿಂತಿದ್ದರು. ಒಳಗೆ ಹೋಗಿ ಬಂದವಳನ್ನು ಉಳಿದವರು ಮುತ್ತಿಕೊಂಡು ಏನಾಯ್ತೇ ಏನಾಯ್ತೇ ಎನ್ನುವರು. ಅವಳು ಕೆಂಪಾಗಿ, "ಏನಿಲ್ಲ, ಗಂಡಂಗಿಂತ ವಾಸಿ, ಕೈ ಬೆಚ್ಚಗಿತ್ತು" ಅನ್ನುವಳು, ಎಲ್ಲರೂ ಬಿದ್ದು ಬಿದ್ದು ನಗುವರು. ಕತಿಂಕಾ ಸಾಲಿನಲ್ಲಿ ನಿಂತು ನಗುತ್ತಲೇ ಇದ್ದಳು. ಅವಳ ಸರದಿ ಬಂತು. ಪರೀಕ್ಷೆ ಮುಗಿದು ಬಟ್ಟೆ ಸರಿಪಡಿಸಿಕೊಳ್ಳುವಾಗ ಡಾಕ್ಟರು ಕೈ ತೊಳೆಯುತ್ತಾ ಕೇಳಿದಳು.

"ಮನೇಲಿ ಬೇರೆ ಹೆಂಗಸರು ಇದಾರಾ ಅಮ್ಮಾ? ಕಳ್ಸಿ, ಮಧ್ಯಾಹ್ನದವರೆಗೂ ಇರ್ತೀವಿ."

ಕತಿಂಕಾಳಿಗೆ ಆಣೆ ನೆನಪಾಯಿತು. ಹೆಸರು ಹೇಳದಿದ್ದರೆ ಆಣೆ ಮುರಿದಂತಾಗುವುದಿಲ್ಲ ಎಂದುಕೊಂಡು ಅವಳು ಹೇಳಿದಳು. "ನಮ್ಮಕ್ಕ ಇದಾಳೆ. ಆದ್ರೆ ಅವಳು ಇವತ್ತು ಬರೋ ಹಾಗಿಲ್ಲ. ಹೊರಗಿದಾಳೆ."

"ಪರವಾಗಿಲ್ಲ, ಮುಂದಿನ ಸಲ ಬರಲಿ" ಅಂದಳು ಡಾಕ್ಟರು, ಕೈ ಒರೆಸಿಕೊಂಡು ಇನ್ನೊಬ್ಬಳನ್ನು ಕರೆದಳು.

ಅಕ್ಕನ ವಯಸ್ಸೆಷ್ಟು ಎಂದು ಅವಳು ಕೇಳಲಿಲ್ಲ. ಕತಿಂಕಾ ನೋಡಲು ಇನ್ನೂ ಕಟ್ಟುಮಸ್ತಾದ ಹೆಂಗಸು, ಅವಳ ಅಕ್ಕನೂ ಇನ್ನೊಂದೆರಡು ವರ್ಷ ದೊಡ್ಡವಳಿರಬಹುದು ಎಂದುಕೊಂಡಿರಬೇಕು. ಅಥವಾ ಏನೂ ಅಂದುಕೊಂಡಿರಲಿಕ್ಕಿಲ್ಲ, ಹೊರಗೆ ಅಷ್ಟು ಜನ ಕಾಯುತ್ತಿದ್ದರು. ಯಾರನ್ನು ಬೈಯಬೇಕೋ ನನಗೆ ಇವತ್ತಿಗೂ ತಿಳಿಯುವುದಿಲ್ಲ. ವ್ಯಾನು ಮಧ್ಯಾಹ್ನ ಧೂಳೆಬ್ಬಿಸಿಕೊಂಡು ಹೋಯಿತು. ಜೆನೋವಿಯಾ ಕಿಟಕಿಯಿಂದ ನೋಡಿದಳು.

ಈಸ್ಟರ್ ಹಬ್ಬಕ್ಕೆ ಮುಂಚೆ ಎಲ್ಲರೂ ಪಾದ್ರಿಯ ಹತ್ತಿರ ಪಾಪನಿವೇದನೆ ಮಾಡಿಕೊಳ್ಳಬೇಕು, ಹಬ್ಬದ ದಿನ ಪರಮಪ್ರಸಾದ ತೆಗೆದುಕೊಳ್ಳಬೇಕು. ಜೆನೋವಿಯಾ ಹೋಗಿ, ತಾನು ಮೈಲಿಗೆಯಲ್ಲಿರುವುದರಿಂದ ಈ ಸಲ ಪ್ರಸಾದ ತೆಗೆದುಕೊಳ್ಳುವುದಿಲ್ಲ ಎಂದಳು. ಪಾದ್ರಿ ಸಿಲ್ವಿಯು ಒಳ್ಳೆಯ ಹುಡುಗ; ನಮ್ಮ ಪಂಥದಲ್ಲಿ ಪಾದ್ರಿಗಳಿಗೆ ಮದುವೆಯುಂಟು, ಇವನೂ ಹೊಸದಾಗಿ ಮದುವೆಯಾದವನು. ತಾಯಿಯ ವಯಸ್ಸಿನ ಹೆಂಗಸು ಇಂಥ ಮಾತಾಡಿದ್ದಕ್ಕೆ ಕಿವಿಯವರೆಗೂ ಕೆಂಪಾಗಿ, "ಆಗಲಮ್ಮ, ಮುಗಿದ ಮೇಲೆ ಬನ್ನಿ" ಎಂದುಬಿಟ್ಟ. ರಾತ್ರಿ ಮಲಗುವ ಹೊತ್ತಿಗೆ ಅವನಿಗೆ ಏನೋ ಚುಚ್ಚಿರಬೇಕು. ಯಾರೆಂದು ಹೇಳದೆ ಹೆಂಡತಿ ಒತಿಲಿಯಾಳನ್ನು ಕೇಳಿದನಂತೆ, ಹೆಂಗಸರಿಗೆ ಅದು ಯಾವ ವಯಸ್ಸಿನವರೆಗೆ ಇರುತ್ತದೆ ಎಂದು.

ಹಬ್ಬದ ದಿನ ಜೆನೋವಿಯಾ ಚರ್ಚಿನ ಒಳಗೆ ಬರಲಿಲ್ಲ. ಹೊರಜಗಲಿಯ ಕಂಬಕ್ಕೆ ಒರಗಿ ನಿಂತಳು. ಒಳಗೆ ಅವಳ ಹೆಸರಿನಲ್ಲಿ ಕತಿಂಕಾ ನಾದಿದ ರೊಟ್ಟಿಯನ್ನು ಪಾದ್ರಿ ಎತ್ತಿ ಹಿಡಿದಿದ್ದ. ಒತಿಲಿಯಾ ಅವಳನ್ನು ಮಾತಾಡಿಸಲು ಹೊರಗೆ ಬಂದಳು. ಜೆನೋವಿಯಾಳ ಲಂಗದ ಜೇಬುಗಳ ತುಂಬ, ಸೊಂಟದ ಸುತ್ತ, ಒಣಗಿದ ತುಳಸಿಯ ಕಡ್ಡಿಗಳು. ನಮ್ಮಲ್ಲಿ ತುಳಸಿ ಪವಿತ್ರ ಗಿಡ, ಪಾದ್ರಿ ತೀರ್ಥ ಎರಚುವುದು ಅದರಲ್ಲೇ, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಒತಿಲಿಯಾಳಿಗೆ ತುಳಸಿಯ ವಾಸನೆಯ ಕೆಳಗಿನ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು. ಅವಳ ತಾಯಿ ಸತ್ತ ಕೋಣೆಯಲ್ಲಿ ಅದೇ ವಾಸನೆ ಇತ್ತು.

ಮರುದಿನ ಬೆಳಗ್ಗೆ ಅವಳು ಈಸ್ಟರಿನ ಕೆಂಪು ಮೊಟ್ಟೆ, ಸಿಹಿರೊಟ್ಟಿ ಹಿಡಿದುಕೊಂಡು ಜೆನೋವಿಯಾಳ ಮನೆಗೆ ಬಂದಳು. ಕತಿಂಕಾಳೂ ಅಲ್ಲೇ ಇದ್ದಳು. ಒತಿಲಿಯಾ ಕೂರಲೂ ಇಲ್ಲ.

"ಎಷ್ಟು ದಿನದಿಂದ ಅಕ್ಕಾ?"

ಜೆನೋವಿಯಾ ತಂಗಿಯ ಮುಖ ನೋಡಿದಳು. "ನಾನು ಹೇಳಿಲ್ಲ" ಅಂದಳು ಕತಿಂಕಾ.

"ಇವರು ಹೇಳಿಲ್ಲ. ನೀವೇ ಹೇಳಿ."

"ದ್ರಾಕ್ಷಿ ಕೊಯ್ಲಿಂದ" ಎಂದು ಜೆನೋವಿಯಾ ನೆಲ ನೋಡುತ್ತಾ ಹೇಳಿದಳು. "ಆದ್ರೆ ರೊಟ್ಟಿ ನಾನು ಮುಟ್ಟಿಲ್ಲಮ್ಮಾ. ದೇವರಾಣೆ. ಒಂದು ಸಲಾನೂ ಮುಟ್ಟಿಲ್ಲ. ಎಲ್ಲಾ ಇವಳೇ ಮಾಡಿದ್ದು, ಗಂಡನ್ನ ಬೇರೆ ಮಲಗಿಸಿ ಮಾಡಿದಾಳೆ. ಪಾದ್ರಿಗಳಿಗೆ ಹೇಳಿ, ಅಪಚಾರ ಆಗಿಲ್ಲ ಅಂತ."

ಒತಿಲಿಯಾಳ ಕಣ್ಣು ತುಂಬಿಕೊಂಡಿತು. "ರೊಟ್ಟಿ ಸುದ್ದಿ ಯಾರು ಎತ್ತಿದ್ರು ಅಕ್ಕಾ? ಇದು ಮುಟ್ಟಲ್ಲ. ಮುಟ್ಟು ನಿಂತ ಮೇಲೆ ಬರೋದು ಯಾವತ್ತೂ ಮುಟ್ಟಲ್ಲ. ಇದು ಕಾಯಿಲೆ. ನಾಳೆ ಬೆಳಗ್ಗೆ ನಮ್ಮ ಕಾರಲ್ಲಿ ಹೋಗೋಣ."

ಜೆನೋವಿಯಾ ಒಪ್ಪಲು ಸ್ವಲ್ಪ ಹೊತ್ತು ಹಿಡಿಯಿತು. ಒಪ್ಪಿದ್ದು ಯಾಕೆ ಎಂದರೆ, ಕಾಯಿಲೆಯಾದರೆ ಮೈಲಿಗೆಯಲ್ಲ ಎಂದು ಒತಿಲಿಯಾ ಹೇಳಿದ್ದಕ್ಕೆ. ಕತಿಂಕಾ ಗೋಡೆಗೆ ಒರಗಿ ನಿಂತಿದ್ದಳು. ಅವಳ ಕಣ್ಣ ಮುಂದೆ ವ್ಯಾನಿನೊಳಗೆ ಡಾಕ್ಟರು ಕೈ ಒರೆಸಿಕೊಳ್ಳುತ್ತಿದ್ದ ಬಿಳಿ ಟವಲು ಬಂದು ನಿಂತಿತು.

ದೊಡ್ಡ ಊರಿನ ಆಸ್ಪತ್ರೆಯಲ್ಲಿ ಪರೀಕ್ಷೆಯೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಕತಿಂಕಾಳನ್ನು ಹೊರಗೆ ಕರೆದಳು. ನಮ್ಮ ಕಡೆ ಇಂಥ ಸುದ್ದಿಯನ್ನು ರೋಗಿಗೆ ಹೇಳುವುದಿಲ್ಲ, ಮನೆಯವರಿಗೆ ಹೇಳುತ್ತಾರೆ. ಮನೆಯವರು ಅದನ್ನು ನುಂಗಿಕೊಂಡು ನಗುತ್ತಾ ಒಳಗೆ ಹೋಗಬೇಕು.

"ಗರ್ಭಕೋಶದ ಬಾಯಿಯ ಕ್ಯಾನ್ಸರು" ಅಂದಳು ಡಾಕ್ಟರಮ್ಮ. ನಡುವಯಸ್ಸಿನವಳು, ದಣಿದಿದ್ದಳು, ಆದರೆ ಸಿಡುಕಲಿಲ್ಲ. "ಮೂತ್ರಕೋಶಕ್ಕೆ, ಬೆನ್ನುಮೂಳೆಗೆ ಹರಡಿದೆ. ಆಪರೇಷನ್ ಆಗಲ್ಲ. ರೇಡಿಯೇಷನ್ ಅಂತ ಕರೆಂಟು ಕೊಡ್ತೀವಿ, ರಕ್ತ ನಿಲ್ಲತ್ತೆ, ನೋವೂ ಸ್ವಲ್ಪ ಕಮ್ಮಿ ಆಗತ್ತೆ. ಆದ್ರೆ ಕಾಯಿಲೆ ಹೋಗಲ್ಲ."

"ಎಷ್ಟು ದಿನ..."

"ಚಳಿಗಾಲ ನೋಡೋದು ಕಷ್ಟ." ಡಾಕ್ಟರಮ್ಮ ಅವಳ ಭುಜ ಮುಟ್ಟಿದಳು. "ಮೊದಲು ರಕ್ತ ಕಂಡಾಗಲೇ ಬಂದಿದ್ರೆ ಬೇರೆ ಮಾತಾಗ್ತಿತ್ತು ತಾಯಿ. ಯಾಕೆ ಯಾರೂ ಬರಲ್ಲ ನೀವು?"

ಕತಿಂಕಾ ಯಾವ ಉತ್ತರ ಕೊಡಬಹುದಿತ್ತು? ವ್ಯಾನು ಮನೆಬಾಗಿಲಿಗೇ ಬಂದಿತ್ತು ಎನ್ನಲೇ? ಆಗ ತೋರಿಸಿದ್ದರೆ ಅಕ್ಕ ಉಳಿಯುತ್ತಿದ್ದಳೇ ಎಂಬ ಪ್ರಶ್ನೆ ನಾಲಗೆ ತುದಿಗೆ ಬಂತು. ಉತ್ತರಕ್ಕೆ ಹೆದರಿ ಕೇಳಲಿಲ್ಲ. ವ್ಯಾನಿನಲ್ಲಿ ತಾನು ಮಾಡಿಸಿಕೊಂಡ ಪರೀಕ್ಷೆಯ ಫಲಿತಾಂಶ ಬಂದು ವಾರಗಳಾಗಿದ್ದವು, ಏನೂ ತೊಂದರೆಯಿಲ್ಲ, ಆರೋಗ್ಯವಾಗಿದ್ದೀರಿ ಎಂದು. ಅದನ್ನು ನೆನೆದು ಅವಳಿಗೆ ತನ್ನ ಮೈಯ ಮೇಲೇ ಅಸಹ್ಯವಾಯಿತು. ಆಸ್ಪತ್ರೆಯ ನಲ್ಲಿಯಲ್ಲಿ ಮುಖ ತೊಳೆದು ಒಳಗೆ ಹೋದಳು.

"ಏನಂದ್ರು?" ಎಂದಳು ಜೆನೋವಿಯಾ.

"ಉರಿಯೂತ ಅಂತೆ. ಒಳಗೆ ಹುಣ್ಣಾಗಿದೆ. ಕರೆಂಟು ಕೊಟ್ರೆ ಒಣಗತ್ತಂತೆ."

"ನಾನು ಹೇಳಲಿಲ್ವಾ, ಥಂಡಿ ಹತ್ತಿರೋದು" ಅಂದಳು ಜೆನೋವಿಯಾ, ಸಮಾಧಾನದಿಂದ.

ಆ ರಾತ್ರಿ ಕತಿಂಕಾ ಕೊಸ್ತಾಕೆಗೆ ಎಲ್ಲ ಹೇಳಿದಳು. ಅವನು ಎದ್ದು ಹೋಗಿ ದನಕ್ಕೆ ಎರಡನೆಯ ಸಲ ಹುಲ್ಲು ಹಾಕಿ ಬಂದ. "ಸಿಟ್ಟು ಮಾಡ್ಕೊಂಡು ನಾನೊಂದು ದಿನ ಕೂಗಾಡಿದ್ರೆ ಸಾಕಿತ್ತಲ್ಲೇ. ಯಾಕೆ ಏನು ಅಂತ ಹಟ ಹಿಡಿದು ಕೇಳಿದ್ರೆ ಸಾಕಿತ್ತು" ಎಂದ. ಕತಿಂಕಾ ಊರಲ್ಲಿ ಒಬ್ಬಿಬ್ಬರು ಹೆಂಗಸರಿಗೆ, ನಿಂತ ಮೇಲೆ ರಕ್ತ ಕಂಡರೆ ಸುಮ್ಮನಿರಬೇಡಿ ಎಂದು ಹೇಳಲು ಹೊರಟಳು. ಯಾರ ಮಾತು ಇದು, ಯಾರಿಗೆ ಹಾಗಾಗಿದೆ ಎಂದು ಅವರು ಕಣ್ಣರಳಿಸಿ ಕೇಳಿದರು. ಅಕ್ಕನ ಹೆಸರು ಬಾಯಿಗೆ ಬರುವ ಮೊದಲೇ ಅವಳು ಮಾತು ಬದಲಿಸಿದಳು.

ಬೇಸಿಗೆಯ ಹೊತ್ತಿಗೆ ಚಿಕಿತ್ಸೆ ಮುಗಿಯಿತು. ಡಾಕ್ಟರಮ್ಮ ಹೇಳಿದ ಹಾಗೆ ರಕ್ತ ನಿಂತಿತು. ಜೆನೋವಿಯಾ ಅರ್ಧ ಮೈಯಾಗಿ ಮನೆಗೆ ಬಂದಳು, ಲಂಗ ಸೊಂಟದಲ್ಲಿ ಎರಡು ಸುತ್ತು ಬರುತ್ತಿತ್ತು, ಆದರೆ ಮುಖದಲ್ಲಿ ಅಂಥ ಬೆಳಕನ್ನು ಕತಿಂಕಾ ಅವಳ ಮದುವೆಯ ದಿನವೂ ನೋಡಿರಲಿಲ್ಲ. ಒಂದು ವಾರ ಕಲೆ ಕಾಣಲಿಲ್ಲ. ಎರಡು ವಾರ ಕಾಣಲಿಲ್ಲ. ಮೂರನೆಯ ಶುಕ್ರವಾರ ಅವಳು ಬೇಲಿಯ ಕಂಬ ಹಿಡಿದು ನಿಂತು ಕರೆದಳು.

"ಕತಿಂಕಾ, ಇವತ್ತು ನಿನ್ನ ಗಂಡನ್ನ ಒಳಗೇ ಮಲಗಿಸ್ಕೋ. ನಾಳೆಯಿಂದ ನಾನೇ ಮಾಡ್ತೀನಿ."

"ಇನ್ನೊಂದು ಸ್ವಲ್ಪ ದಿನ ಹೋಗ್ಲಿ ಅಕ್ಕಾ. ಶಕ್ತಿ ಬರಲಿ."

"ಬಂದಿದೆ ಕಣೇ. ನೀನು ಹಿಟ್ಟಿನ ಮರಿಗೆ ಎತ್ತಿಕೊಡು ಸಾಕು."

ಶನಿವಾರ ಅವಳು ಮಿಂದಳು. ಕುರ್ಚಿಯ ಮೇಲೆ ಕೂತು, ಮರಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಾದಿದಳು. ನಾಲ್ಕು ಸಲ ಮುಷ್ಟಿ ಒತ್ತಿ, ಕಣ್ಣು ಮುಚ್ಚಿ ಉಸಿರು ತೆಗೆದುಕೊಂಡು, ಮತ್ತೆ ಒತ್ತುವಳು. ಮರಿಗೆ ಜಾರದಂತೆ ಕತಿಂಕಾ ಮಂಡಿಯೂರಿ ಹಿಡಿದುಕೊಂಡಿದ್ದಳು. ಅಕ್ಕನ ಮೊಳಕೈಯ ಮೂಳೆ, ಅದರ ಮೇಲೆ ಜೋತುಬಿದ್ದ ತೊಗಲು, ಹಿಟ್ಟು ಮೆತ್ತಿದ ಬೆರಳುಗಳು ಅವಳ ಮುಖದ ಹತ್ತಿರವೇ ಹೋಗಿ ಬರುತ್ತಿದ್ದವು. ತಾನು ನಾದಿಕೊಡಬಹುದಿತ್ತು. ಆಸ್ಪತ್ರೆಗೆ ಹೊತ್ತುಕೊಂಡು ಹೋಗಲೂ ಅವಳು ಸಿದ್ಧಳಿದ್ದಳು, ಆದರೆ ಹೋಗಲು ಯಾವ ಆಸ್ಪತ್ರೆಯೂ ಉಳಿದಿರಲಿಲ್ಲ. ಮರಿಗೆ ಹಿಡಿದುಕೊಳ್ಳುವುದೊಂದೇ ಉಳಿದಿತ್ತು.

ರೊಟ್ಟಿ ಒಲೆ ಸೇರಿದ ಮೇಲೆ ಜೆನೋವಿಯಾ ಹೊರಗೆ ಬೆಂಚಿನ ಮೇಲೆ ಕೂತು ಕೈ ಚಾಚಿದಳು. ಕತಿಂಕಾ ತಂಬಿಗೆಯಿಂದ ನೀರು ಹಾಕಿದಳು.

"ಒಂದು ಮಾತು ಹೇಳ್ಲಾ? ನಗಬೇಡ" ಅಂದಳು ಜೆನೋವಿಯಾ, ಉಗುರಿನ ಸಂದಿಯ ಹಿಟ್ಟು ತೆಗೆಯುತ್ತಾ. "ಆಸ್ಪತ್ರೇಲಿ ಇದ್ದಾಗ ನನಗೆ ಒಳಗೊಳಗೇ ಭಯ ಇತ್ತು. ಆ ಕೆಟ್ಟ ಕಾಯಿಲೆನೇ ಬಂದಿದೆ ಅಂತ. ನಿನಗೆ ಹೇಳಿದ್ರೆ ಹೆದರ್ತೀಯಾ ಅಂತ ಸುಮ್ಮನಿದ್ದೆ. ಅದಾಗಿದ್ರೆ ರಕ್ತ ನಿಲ್ತಿರಲಿಲ್ಲ, ಅಲ್ವಾ?"

ತಂಬಿಗೆಯಲ್ಲಿ ನೀರು ಮುಗಿದಿತ್ತು. ಕತಿಂಕಾ ಅದನ್ನು ಬಗ್ಗಿಸಿಕೊಂಡೇ ನಿಂತಿದ್ದಳು.

"ಇಲ್ಲ ಅಕ್ಕಾ" ಅಂದಳು. "ನಿಲ್ತಿರಲಿಲ್ಲ."